ಹಳದಿ ವಲಯ ಪ್ರವೇಶಿಕೆ

ಬೆಂಗಳೂರಿನಲ್ಲಿ ಸೈಟು ಕೊಳ್ಳಲು ಹೊರಟವರು ಮೊದಲು ಬಣ್ಣ ಕಲಿಯಬೇಕು. ನಗರದ ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಬಳಿದ ಜಾಗ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆಗಳಂಥ ಸಾರ್ವಜನಿಕ ಉಪಯೋಗಕ್ಕೆ. ಹಸಿರು ಎಂದರೆ ಇನ್ನೂ ಹಳದಿಯಾಗದ ಜಾಗ. ಹಸಿರನ್ನು ಉದ್ಯಾನ ಮತ್ತು ಕೃಷಿ ವಲಯವೆಂದು ವಿವರಿಸುವ ಒಂದು ಹಳೆಯ ಪಂಥವೂ ಇದೆ. ಕಾಲೇಜುಗಳಲ್ಲಿ ಈಗಲೂ ಅದನ್ನೇ ಪಾಠ ಮಾಡುತ್ತಾರೆ.

ಈ ಶಾಸ್ತ್ರದಲ್ಲಿ ನನಗಿರುವ ಪಾಂಡಿತ್ಯ ಪದವಿಯಿಂದ ಬಂದದ್ದಲ್ಲ. ಪದವಿ ಪಡೆದವರು ಕಚೇರಿಯಲ್ಲಿ ಕೂತು, ಮುಂದೆ ಊರು ಹೇಗಿರಬೇಕು ಎಂದು ನಕ್ಷೆ ಬರೆಯುತ್ತಾರೆ. ನಾನು ಬಿಸಿಲಲ್ಲಿ ನಿಂತು, ಊರು ಬೆಳೆದದ್ದನ್ನು ನೋಡಿ, ಮುಂದಿನ ನಕ್ಷೆ ಹೇಗಿರಬೇಕಾಗುತ್ತದೆ ಎಂದು ಹೇಳುತ್ತೇನೆ. ಇಲ್ಲಿಯವರೆಗೆ ಅವರ ಅಂದಾಜಿಗಿಂತ ನನ್ನದೇ ಹೆಚ್ಚು ನಿಜವಾಗಿದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ನಾನು ಅಂದಾಜು ಮಾಡುವುದು ಕಟ್ಟಡ ಎದ್ದ ಮೇಲೆ.

ಸಾಮಾನ್ಯ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ನಿಯಮ ಮೊದಲು, ಕಟ್ಟಡ ಆಮೇಲೆ ಎಂದು ಅವರು ನಂಬಿದ್ದಾರೆ. ಇತಿಹಾಸ ಬೇರೆ ಹೇಳುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಬೆಂಗಳೂರಿಗೆ ಯೋಜನೆಗಳು ಬರುತ್ತಲೇ ಇವೆ. 1984ರಲ್ಲಿ ಒಪ್ಪಿಗೆ ಪಡೆದ ಸಮಗ್ರ ಅಭಿವೃದ್ಧಿ ಯೋಜನೆಯ ಗುರಿ 2001. 1995ರ ಪರಿಷ್ಕೃತ ಯೋಜನೆಯ ಗುರಿ 2011. 2007ರ ಜೂನ್‌ನಲ್ಲಿ ಒಪ್ಪಿಗೆಯಾದ ಪರಿಷ್ಕೃತ ಮಹಾಯೋಜನೆಯ ಗುರಿ 2015. ಮೊದಲನೆಯದು 17 ವರ್ಷ ಮುಂದಕ್ಕೆ ನೋಡಿತು, ಎರಡನೆಯದು 16, ಮೂರನೆಯದು 8. ದೂರದೃಷ್ಟಿ ಈ ಪ್ರಮಾಣದಲ್ಲಿ ಇಳಿಯುತ್ತ ಬಂದರೆ ನಾಲ್ಕನೆಯದು ಹುಟ್ಟುವ ಮೊದಲೇ ಅವಧಿ ಮುಗಿಸಬೇಕು. ಹಾಗೇ ಆಯಿತು. 2031ನ್ನು ಗುರಿಯಾಗಿಟ್ಟ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ವಾಪಸು ಹೋಯಿತು. ಈಗ 2041ರ ಮಾತು ನಡೆದಿದೆ. ಅಲ್ಲಿಯತನಕ 2015ಕ್ಕೆಂದು ಮಾಡಿದ್ದೇ ಚಾಲ್ತಿಯಲ್ಲಿರುತ್ತದೆ. ಹತ್ತು ವರ್ಷ ಹಳೆಯ ಪಂಚಾಂಗ ನೋಡಿ ಮುಹೂರ್ತ ಇಟ್ಟಂತಾಯಿತಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಮದುವೆ ಮೊದಲೇ ಆಗಿ, ಮಕ್ಕಳು ಶಾಲೆಗೆ ಹೋಗುತ್ತಿರುವಾಗ ಯಾವ ವರ್ಷದ ಪಂಚಾಂಗವಾದರೇನು ಎಂಬುದು ಅವರಿಗೆ ನನ್ನ ಉತ್ತರ.

ಇನ್ನು ನೆಲಕ್ಕಿಳಿಯೋಣ. ಹೊಲದಲ್ಲಿ ಬಡಾವಣೆ ಮಾಡಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕೆಂಬುದು ಬಹುಕಾಲದ ನಿಯಮ. ಜನ ಇದನ್ನು ಡಿಸಿ ಕನ್ವರ್ಷನ್ ಎನ್ನುತ್ತಾರೆ. ಆಮೇಲೆ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ಅದಕ್ಕೆ ರಸ್ತೆಗಿಷ್ಟು, ಪಾರ್ಕಿಗಿಷ್ಟು, ನಾಗರಿಕ ಸೌಲಭ್ಯದ ಸಿಎ ಸೈಟಿಗಿಷ್ಟು ಎಂದು ಬಿಡುತ್ತ ಹೋದರೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಇಷ್ಟು ನೆಲ ಪೋಲಾಗುವುದನ್ನು ಕಂಡು ಮರುಗಿದ ಕೆಲವರು ರೆವಿನ್ಯೂ ಬಡಾವಣೆ ಎಂಬ ಪದ್ಧತಿಯನ್ನು ರೂಢಿಗೆ ತಂದರು. ಇಲ್ಲಿ ಪಾರ್ಕು ಬ್ರೋಷರಿನಲ್ಲಿ ಇರುತ್ತದೆ, ಆಟದ ಮೈದಾನ ಮೇಸ್ತ್ರಿ ಮರಳು ಸುರಿಯುವವರೆಗೆ ಇರುತ್ತದೆ, ರಸ್ತೆ ಒಂದು ಟಿಪ್ಪರ್ ಹಾದುಹೋಗುವಷ್ಟು ಇರುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಮಾತ್ರ ರಾಗಿ ತಪ್ಪದೆ ಬೆಳೆಯುತ್ತಿರುತ್ತದೆ. ನಾಲ್ಕು ಮಹಡಿಯ ಪಿಜಿಯ ಕೆಳಗೆ, ನೀರಿಲ್ಲದೆ, ಬಿಸಿಲಿಲ್ಲದೆ, ವರ್ಷಾನುವರ್ಷ ಬೆಳೆಯುವ ಈ ತಳಿಯ ಬಗ್ಗೆ ನಮ್ಮ ಕೃಷಿ ವಿಜ್ಞಾನಿಗಳು ಗಮನ ಹರಿಸಿದಂತಿಲ್ಲ.

ಇಂಥ ಬಡಾವಣೆಯೊಂದರಲ್ಲಿ ಬ್ರೋಕರ್ ಮತ್ತು ಗಿರಾಕಿಯ ನಡುವೆ ನಡೆದ ಮಾತನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ದಾಖಲಿಸುತ್ತಿದ್ದೇನೆ.

“ಇದು ಯೆಲ್ಲೋ ಝೋನಾ?”

“ಯೆಲ್ಲೋನೇ ಸರ್. ನೂರಕ್ಕೆ ನೂರು.”

“ಮ್ಯಾಪಲ್ಲಿ ಗ್ರೀನ್ ತೋರಿಸ್ತಿದೆಯಲ್ಲ?”

“ಅದು ಹಳೇ ಮ್ಯಾಪು ಸರ್. ಹೊಸದರಲ್ಲಿ ಯೆಲ್ಲೋ.”

“ಹೊಸದು ಯಾವಾಗ ಬರುತ್ತೆ?”

“ನೀವು ಮನೆ ಕಟ್ಟಿ ಸರ್, ಬರುತ್ತೆ.”

ಅರವತ್ತು ವರ್ಷದ ನಗರ ಯೋಜನೆಯ ಸಾರವನ್ನು ಇಷ್ಟು ಚಿಕ್ಕದಾಗಿ ಹೇಳಿದವರು ಬೇರೆ ಯಾರೂ ಇಲ್ಲ. ಆತ ಓದಿದ್ದು ಎಸ್ಸೆಸ್ಸೆಲ್ಸಿ.

ಹಸಿರು ಹಳದಿಯಾಗುವ ರಾಸಾಯನಿಕ ಕ್ರಿಯೆ ಕಾನೂನಿನಲ್ಲೂ ಇದೆ. ಯೋಜನಾ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ಒಂದು ಜಾಗದ ಭೂ ಉಪಯೋಗವನ್ನು ಬದಲಾಯಿಸಬಹುದು. ಅದಕ್ಕೆ ಕಾಯ್ದೆ ಒಪ್ಪುವ ಕಾರಣಗಳಲ್ಲಿ ನಕ್ಷೆ ಬರೆಯುವಾಗ ಆದ ತಪ್ಪು ಮೊದಲನೆಯದು. ಆಯಾ ಕಾಲದ ಸಂದರ್ಭವೂ ಒಂದು. ಸಂದರ್ಭ ಇಲ್ಲದ ಕಾಲವನ್ನು ನಾನಂತೂ ಕಂಡಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುವ ಏರ್ಪಾಡೂ ಇದೆ. ಪ್ರಕಟಣೆಯಲ್ಲಿ ಸರ್ವೆ ನಂಬರ್, ಹೋಬಳಿ, ಎಕರೆ, ಗುಂಟೆ ಎಲ್ಲವೂ ಇರುವುದರಿಂದ ಅದು ತಮ್ಮ ಮನೆ ಎದುರಿನ ಜಾಗ ಎಂದು ಯಾರಿಗೂ ತಿಳಿಯುವುದಿಲ್ಲ. ಬಣ್ಣ ಬದಲಾದ ದಿನ ಆ ನೆಲದಲ್ಲಿ ಒಂದು ಹಿಡಿ ಮಣ್ಣೂ ಅಲುಗಿರುವುದಿಲ್ಲ, ಬೆಲೆ ಮಾತ್ರ ಏರಿರುತ್ತದೆ. ರಿಯಲ್ ಎಸ್ಟೇಟ್‌ನಲ್ಲಿ ಲಾಭ ಸಿಮೆಂಟಿನಿಂದ ಬರುತ್ತದೆ ಎಂದುಕೊಂಡವರು ಈ ಉದ್ಯಮಕ್ಕೆ ಹೊಸಬರು. ಅದು ಬರುವುದು ಬಣ್ಣದಿಂದ. ನಾಳೆ ಹಳದಿಯಾಗುವ ಹಸಿರನ್ನು ಇಂದೇ ಗುರುತಿಸಬಲ್ಲ ಕಣ್ಣು ಯಾರಿಗಿದೆಯೋ ಅವರು ಬೆಳೆಯುತ್ತಾರೆ. ಅಂಥ ಕಣ್ಣು ಕೆಲವು ಮನೆತನಗಳಲ್ಲಿ ಎಲೆಕ್ಷನ್ನಿನಿಂದ ಎಲೆಕ್ಷನ್ನಿಗೆ ಚುರುಕಾಗುವುದನ್ನು ಗಮನಿಸಿದ್ದೇನೆ.

ಕಟ್ಟಡವೇ ಇಲ್ಲದ ಕಡೆ ನಿಯಮಕ್ಕೆ ಎಷ್ಟು ಬಲ ಎಂಬುದಕ್ಕೆ ಪೆರಿಫೆರಲ್ ರಿಂಗ್ ರೋಡ್ ಉದಾಹರಣೆ. ಸುಮಾರು 73 ಕಿ.ಮೀ. ಉದ್ದದ ಈ ರಸ್ತೆಗೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಆಯಿತು. ಬಳಿಕ ಹೆಸರು ಬದಲಾಯಿತು, ಅಂದಾಜು ವೆಚ್ಚ ಏರಿತು. ಆ ಗೆರೆಯ ಕೆಳಗೆ ಜಮೀನು ಇರುವ ರೈತ ಸುಮಾರು ಎರಡು ದಶಕದಿಂದ ಮನೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಸಾಲ ಎತ್ತುವಂತಿಲ್ಲ. ಗೆರೆಯಿಂದ ನೂರು ಅಡಿ ಆಚೆ ಅದೇ ಅವಧಿಯಲ್ಲಿ ರೆವಿನ್ಯೂ ಬಡಾವಣೆ ಬಂತು, ಅದರಲ್ಲಿ ಗಣಪತಿ ದೇವಸ್ಥಾನ ಬಂತು, ದೇವಸ್ಥಾನಕ್ಕೆ ಸಮಿತಿ ಬಂತು, ಸಮಿತಿ ಎರಡು ಹೋಳಾಯಿತು. ಅಲ್ಲಿ ಕಟ್ಟಿದವರು ಯಾರನ್ನೂ ಕೇಳಲಿಲ್ಲ. ಗೆರೆಯ ಕೆಳಗಿನವರು ಕೇಳಲು ಹೋದರು.

ಈಗ ಕಟ್ಟಡದ ಅಂಗರಚನೆ. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರ ಅಡಿ. ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) 1.75 ಎಂದಿಟ್ಟುಕೊಂಡರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು. ಗಾಳಿ, ಬೆಳಕು ಬರಲೆಂದು ಸುತ್ತ ಸೆಟ್‌ಬ್ಯಾಕ್ ಬಿಡಬೇಕು. ಮಂಜೂರಾದ ಪ್ಲಾನ್‌ನಲ್ಲಿ ಇದೆಲ್ಲ ಕಣ್ಣಿಗೆ ಹಬ್ಬವಾಗುವಂತೆ ಇರುತ್ತದೆ. ಆ ಪ್ಲಾನ್ ಬ್ಯಾಂಕಿಗೆ. ಮೇಸ್ತ್ರಿಗೆ ಬೇರೆ ಹಾಳೆ ಇದೆ. ಆ ಹಾಳೆಯಲ್ಲಿ ನೆಲಮಹಡಿ ಒಂದಿಷ್ಟು ಸಂಕೋಚದಿಂದ ನಿಂತಿರುತ್ತದೆ, ಮೊದಲ ಮಹಡಿ ಎರಡಡಿ ಮುಂದೆ ಬರುತ್ತದೆ, ಎರಡನೆಯದು ಧೈರ್ಯ ತಾಳಿ ಮೂರಡಿ ಬರುತ್ತದೆ. ಮೂರನೆಯ ಮಹಡಿಯ ಹೊತ್ತಿಗೆ ಎದುರುಬದುರಿನ ಮನೆಯವರು ಬಾಲ್ಕನಿಯಲ್ಲಿ ನಿಂತು ಕರಿಬೇವು ಕೊಟ್ಟು ತೆಗೆದುಕೊಳ್ಳುವಷ್ಟು ಹತ್ತಿರವಾಗಿರುತ್ತಾರೆ. ನಗರದಲ್ಲಿ ನೆರೆಹೊರೆಯ ಸಂಬಂಧ ಸತ್ತುಹೋಗಿದೆ ಎಂದು ಅಂಕಣ ಬರೆಯುವವರು ತಲೆ ಎತ್ತಿ ನೋಡುವುದಿಲ್ಲ. ಮನುಷ್ಯನ ಹಾಗೆ ಮನೆಯೂ ಕಾಲಿನ ಹತ್ತಿರ ಸಣ್ಣಗಿದ್ದು ಹೊಟ್ಟೆಯ ಹತ್ತಿರ ದಪ್ಪಗಿರುವುದು ಪ್ರಕೃತಿ ಸಹಜ.

ವಾಹನ ನಿಲ್ಲಿಸುವ ಸ್ಟಿಲ್ಟ್ ಮಹಡಿ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದರಲ್ಲಿ ಜೀವವಿಕಾಸ ಬೇಗ ಆಗುತ್ತದೆ. ಮೊದಲು ಒಂದು ಮೂಲೆಯಲ್ಲಿ ಇಸ್ತ್ರಿ ಟೇಬಲ್ ಕಾಣಿಸುತ್ತದೆ. ಮಳೆಗಾಲದಲ್ಲಿ ಅದಕ್ಕೆ ಶೀಟು ಅಡ್ಡ ಬರುತ್ತದೆ, ಶೀಟು ಗೋಡೆಯಾಗುತ್ತದೆ, ಗೋಡೆಗೆ ಶಟರ್ ಬರುತ್ತದೆ, ಶಟರ್ ಮೇಲೆ ಜೆರಾಕ್ಸ್ ಎಂಬ ಬೋರ್ಡು ಬರುತ್ತದೆ. ವಿಕಾಸದ ಮುಂದಿನ ಹಂತಗಳಾಗಿ ಡೆಂಟಲ್ ಕ್ಲಿನಿಕ್, ಬ್ಯೂಟಿ ಪಾರ್ಲರ್, ದರ್ಶಿನಿ. ಕಾರುಗಳು ಬೀದಿಗೆ ಬರುತ್ತವೆ. ಮಾಲೀಕರು ಪಾಟಿನಲ್ಲಿ ಸಿಮೆಂಟು ತುಂಬಿ, ನಡುವೆ ಒಂದು ಕೋಲು ನಿಲ್ಲಿಸಿ, ಗೇಟಿನ ಮುಂದಿನ ರಸ್ತೆಯನ್ನು ತಮ್ಮದೆಂದು ಘೋಷಿಸುತ್ತಾರೆ. ಇದನ್ನು ನಾನು ಖಾಸಗಿ ವಲಯೀಕರಣ ಎಂದು ಕರೆಯುತ್ತೇನೆ. ಇಡೀ ನಗರದಲ್ಲಿ ಎಲ್ಲರೂ ಚಾಚೂ ತಪ್ಪದೆ ಪಾಲಿಸುವ ವಲಯ ನಿಯಮ ಇದೊಂದೇ.

ರಸ್ತೆ ಎಷ್ಟು ಅಗಲವೋ ಎಫ್‌ಎಆರ್ ಅಷ್ಟು ಹೆಚ್ಚು ಎಂಬುದು ಇನ್ನೊಂದು ಸೂತ್ರ. ಹಾಗಾಗಿ ರಸ್ತೆ ಅಳೆಯುವ ಕಲೆ ನಮ್ಮಲ್ಲಿ ಬಹಳ ಮುಂದುವರಿದಿದೆ. ಟ್ರಾನ್ಸ್‌ಫಾರ್ಮರ್, ಚರಂಡಿ, ಕಸದ ರಾಶಿ, ಎಳನೀರಿನ ಗಾಡಿ ಎಲ್ಲವನ್ನೂ ಸೇರಿಸಿ ಅಳೆದರೆ ನಲವತ್ತಡಿ. ಸೇರಿಸದೆ ಅಳೆದರೆ ಆಂಬುಲೆನ್ಸ್ ಹೋಗುವುದಿಲ್ಲ. ಎರಡನೇ ಅಳತೆಗೆ ಕಾಯ್ದೆಯಲ್ಲಿ ಅವಕಾಶವಿಲ್ಲ.

ಇಂದಿರಾನಗರ, ಕೋರಮಂಗಲಗಳ ಹಳದಿಯ ಬಗ್ಗೆ ಒಂದು ಮಾತು. ವಾಸದ ವಲಯದಲ್ಲಿ ಸಣ್ಣಪುಟ್ಟ ವ್ಯಾಪಾರಕ್ಕೆ 2007ರ ಯೋಜನೆ ಅವಕಾಶ ಕೊಟ್ಟಿತು. ಮನೆಯ ಒಂದು ಕೋಣೆಯಲ್ಲಿ ಟೈಲರ್, ವಕೀಲರು, ಟ್ಯೂಷನ್ ಇಂಥವು ಯೋಜನೆ ಮಾಡಿದವರ ಮನಸ್ಸಿನಲ್ಲಿದ್ದಿರಬೇಕು. ಆ ಟೈಲರ್ ಬೆಳೆದು ಪಬ್ ಆದ. ರಾತ್ರಿ ಹನ್ನೊಂದರ ಮೇಲೆ ಬಾಸ್ ಸದ್ದಿಗೆ ಪಕ್ಕದ ಮನೆಯ ಗಾಜು ಅದುರುತ್ತದೆ ಎಂದು ನಿವೃತ್ತ ಹಿರಿಯರು ದೂರುತ್ತಾರೆ. ನಾನು ತಜ್ಞನಾಗಿ ಒಳಹೊಕ್ಕು ಪರಿಶೀಲಿಸಿದ್ದೇನೆ. ಒಳಗೆ ಸೋಫಾ ಇತ್ತು, ಅಡುಗೆಮನೆ ಇತ್ತು, ಜನ ಮಲಗಿಯೂ ಇದ್ದರು. ವಾಸಯೋಗ್ಯವಲ್ಲ ಎಂದು ಹೇಳಲು ಆಧಾರ ಸಿಗಲಿಲ್ಲ.

ಖಾತಾ ವಿಚಾರಕ್ಕೆ ಬಂದರೆ ಶಾಸ್ತ್ರ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ನಿಯಮದ ಪ್ರಕಾರ ಇರುವ ಆಸ್ತಿಗೆ ಎ ಖಾತಾ. ನಿಯಮ ಮೀರಿದ ಕಟ್ಟಡದಿಂದಲೂ ತೆರಿಗೆ ವಸೂಲು ಮಾಡಲು ಪಾಲಿಕೆ ಕಾಯ್ದೆಯ 108ಎ ಸೆಕ್ಷನ್‌ನಲ್ಲಿ ದಾರಿ ಇತ್ತು. ಅದಕ್ಕಾಗಿ ಇಟ್ಟ ಪುಸ್ತಕದಿಂದ ಹುಟ್ಟಿದ್ದು ಬಿ ಖಾತಾ. ಕಟ್ಟಡವನ್ನು ಕಾನೂನು ಒಪ್ಪುವುದಿಲ್ಲ, ಕಟ್ಟಡದ ತೆರಿಗೆಯನ್ನು ಒಪ್ಪುತ್ತದೆ. ಇದರಲ್ಲಿ ವಿರೋಧಾಭಾಸ ಕಾಣುವವರು ಆದಿ ಶಂಕರರನ್ನು ಓದಿಲ್ಲ. ಪಾರಮಾರ್ಥಿಕವಾಗಿ ಆ ಮನೆ ಇಲ್ಲ. ವ್ಯಾವಹಾರಿಕವಾಗಿ ಇದೆ, ಏಪ್ರಿಲ್ ಒಳಗೆ ತೆರಿಗೆ ಕಟ್ಟಿದರೆ ಶೇಕಡ 5 ರಿಯಾಯಿತಿಯೂ ಇದೆ. ಇಲ್ಲದ ಮನೆಗೆ ಸಾಲ ಕೊಡಲು ದೊಡ್ಡ ಬ್ಯಾಂಕುಗಳು ಹಿಂಜರಿಯುತ್ತವೆ. ಇಲ್ಲದ ಮನೆಯಲ್ಲಿ ಇರುವ ಬಾಡಿಗೆದಾರರು ಮಾತ್ರ ಹತ್ತು ತಿಂಗಳ ಅಡ್ವಾನ್ಸ್ ಕೊಡುತ್ತಾರೆ. 2025ರ ಕೊನೆಯಲ್ಲಿ ಶುಲ್ಕ ಪಡೆದು ಬಿ ಖಾತಾವನ್ನು ಎ ಮಾಡಿಕೊಡುವ ಯೋಜನೆ ಆರಂಭವಾಗಿದ್ದು, ಮಾಯೆಯಿಂದ ಬಿಡುಗಡೆಗೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು.

ಬಿಡುಗಡೆಯ ಹಿಂದಿನ ಪ್ರಯತ್ನ ಅಕ್ರಮ-ಸಕ್ರಮ. ವಾಸದ ಕಟ್ಟಡದಲ್ಲಿ ಶೇಕಡ 50ರವರೆಗೆ, ವಾಣಿಜ್ಯ ಕಟ್ಟಡದಲ್ಲಿ ಶೇಕಡ 25ರವರೆಗೆ ಉಲ್ಲಂಘನೆ ಇದ್ದರೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದಿತ್ತು. 2013ರ ಅಕ್ಟೋಬರ್ 19ರ ಒಳಗೆ ಕಟ್ಟಿದ್ದಾಗಿರಬೇಕು ಎಂಬ ಷರತ್ತು ಇತ್ತು. ಆ ದಿನಾಂಕದ ಮಹಿಮೆ ಎಷ್ಟೆಂದರೆ, 2015ರಲ್ಲಿ ಪಾಯ ತೋಡಿದ ಮನೆಗಳೂ 2013ರಲ್ಲೇ ಮುಗಿದವು. ಶೇಕಡ 50 ಎಂಬ ಮಿತಿಯಿಂದ ವಿನ್ಯಾಸಕಾರರಿಗೂ ಒಂದು ಶಿಸ್ತು ಬಂತು. ಅದುವರೆಗೆ ಮನಸ್ಸಿಗೆ ಬಂದಂತೆ ಉಲ್ಲಂಘಿಸುತ್ತಿದ್ದವರು, ಟೇಪ್ ಹಿಡಿದು ಶೇಕಡ 49.5ಕ್ಕೆ ಸರಿಯಾಗಿ ಉಲ್ಲಂಘಿಸತೊಡಗಿದರು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ಯೋಜನೆಯನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಂದಿನಿಂದ ನಗರದ ದೊಡ್ಡದೊಂದು ಜನಸಂಖ್ಯೆ ಅಕ್ರಮ ಮತ್ತು ಸಕ್ರಮದ ನಡುವಿನ ಆ ಚಿಕ್ಕ ಗೀಟಿನಲ್ಲಿ ಸಂಸಾರ ಮಾಡಿಕೊಂಡಿದೆ.

ನೀರಿನ ವಲಯವನ್ನು ಬಿಟ್ಟರೆ ಪ್ರವೇಶಿಕೆ ಪೂರ್ಣವಾಗುವುದಿಲ್ಲ. ಕೆರೆಯನ್ನು ಬಸ್ ನಿಲ್ದಾಣ ಮಾಡುವ, ಕ್ರೀಡಾಂಗಣ ಮಾಡುವ ವಿದ್ಯೆ ಇಲ್ಲಿ ಹಳೆಯದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಆದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆದದ್ದು ಎಲ್ಲರಿಗೂ ಗೊತ್ತು. 2007ರ ಯೋಜನೆ ಉಳಿದ ಕೆರೆಗಳಿಗೆ 30 ಮೀಟರ್ ಬಫರ್ ಇಟ್ಟಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರ್‌ಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಹಿಂದಿನ ಅಳತೆಗೇ ತಂದಿತು. ಮೂರು ವರ್ಷ ಕೆರೆ ದಡದ ಬಿಲ್ಡರ್‌ಗಳು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಕೆಲವರು ‘ಲೇಕ್ ವ್ಯೂ’ ಎಂಬ ಬೋರ್ಡನ್ನು ಬಟ್ಟೆಯಿಂದ ಮುಚ್ಚಿದರು. ತೀರ್ಪು ಬಂದ ಮೇಲೆ ಬಟ್ಟೆ ತೆಗೆದರು, ಆ ಹೊತ್ತಿಗೆ ವ್ಯೂನಲ್ಲಿ ಇನ್ನೊಬ್ಬರು ಅಪಾರ್ಟ್‌ಮೆಂಟ್ ಕಟ್ಟಿದ್ದರು.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಪತ್ರಿಕೆಗಳು ಪ್ರವಾಹ ಎಂದು ವರದಿ ಮಾಡಿದವು. ಐಟಿ ಕಂಪನಿಯವರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದರು. ನನ್ನ ವಿಶ್ಲೇಷಣೆ ಬೇರೆ. ಟ್ರ್ಯಾಕ್ಟರ್ ಕೃಷಿ ವಾಹನ. ಅದು ಓಡಾಡುವ, ನೀರು ನಿಲ್ಲುವ ಜಾಗ ಗದ್ದೆ. ಅಂದರೆ ಆ ನಾಲ್ಕಾರು ದಿನ ಆ ಪ್ರದೇಶ ಯಾವ ಅರ್ಜಿ, ಶುಲ್ಕ, ಪ್ರಕಟಣೆ ಇಲ್ಲದೆ ತನ್ನ ಮೂಲ ವಲಯಕ್ಕೆ ಮರಳಿತ್ತು. ಇಷ್ಟು ಶೀಘ್ರವಾಗಿ ಭೂ ಉಪಯೋಗ ಬದಲಾವಣೆ ಆದ ಇನ್ನೊಂದು ಪ್ರಕರಣ ನನ್ನ ಕಡತದಲ್ಲಿಲ್ಲ.

ಇತ್ತೀಚೆಗೆ ಕೆಲವು ಕಟ್ಟುನಿಟ್ಟುಗಳು ಬಂದಿವೆ. ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರಲ್ಲಿ ಅದು ಇಲ್ಲಿ ಜಾರಿಯಾದಾಗ ಕಟ್ಟಿ ಮುಗಿಸಿದವರೆಲ್ಲ ಗಾಬರಿಯಾದರು. ಓಸಿ ಎಂಬ ಕಾಗದ ಇದೆ ಎಂದು ಹಲವರಿಗೆ ಗೊತ್ತಾದದ್ದೇ ಆಗ. ಕೊನೆಗೆ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಉಳಿದವರು, ಕಟ್ಟುವಾಗ ಕಾಂಕ್ರೀಟಿಗೆಂದು ತೆಗೆದುಕೊಂಡ ಟೆಂಪರರಿ ಕನೆಕ್ಷನ್‌ನಲ್ಲೇ ಗೃಹಪ್ರವೇಶ ಮಾಡಿ, ಫ್ರಿಜ್ ಇಟ್ಟು, ಮಗಳ ಮದುವೆಯ ಸೀರಿಯಲ್ ಸೆಟ್ಟೂ ಹಾಕುತ್ತಾರೆ.

ಕಡೆಯದಾಗಿ ಒಂದು ಅಪರೂಪದ ಪ್ರಕರಣ. ನನ್ನ ಪರಿಚಯದ ಹಿರಿಯರೊಬ್ಬರು ಪ್ಲಾನ್‌ನಲ್ಲಿ ಇದ್ದಂತೆಯೇ ಮನೆ ಕಟ್ಟಿದರು. ಎಲ್ಲ ಕಡೆ ಸೆಟ್‌ಬ್ಯಾಕ್ ಬಿಟ್ಟರು, ಮಹಡಿ ಮಂಜೂರಾದಷ್ಟೇ ಏರಿಸಿದರು, ಸ್ಟಿಲ್ಟ್‌ನಲ್ಲಿ ಕಾರು ನಿಲ್ಲಿಸಿದರು. ಪರಿಶೀಲನೆಗೆ ಬಂದವರು ನಕ್ಷೆ ಮತ್ತು ಮನೆ ಎರಡನ್ನೂ ಎರಡೆರಡು ಸಲ ನೋಡಿ, ಎಲ್ಲೋ ಏನೋ ಇದೆ ಎಂಬ ಅನುಮಾನದಲ್ಲಿ ಮತ್ತೊಂದು ದಿನ ಬರುತ್ತೇವೆಂದು ಹೋದರು. ಆಚೀಚೆಯ ಮನೆಯವರು ತಮ್ಮ ಗೋಡೆಯನ್ನು ಕಾಂಪೌಂಡಿಗೆ ತಾಗಿಸಿ ಎಬ್ಬಿಸಿ, ಕಿಟಕಿಗಳನ್ನು ಇವರು ಬಿಟ್ಟ ಜಾಗಕ್ಕೆ ತೆರೆದರು. ಇವರ ಸೆಟ್‌ಬ್ಯಾಕ್‌ನಿಂದ ಇವರಿಗಲ್ಲದೆ ಮೂರು ಸಂಸಾರಕ್ಕೆ ಗಾಳಿ, ಬೆಳಕು ಸಿಕ್ಕಿತು. ಇವರು ಅಲ್ಲೊಂದು ಸೀಬೆ ಗಿಡ ಹಾಕಿದಾಗ, ತಮ್ಮ ವೆಂಟಿಲೇಶನ್‌ಗೆ ಅಡ್ಡ ಬರುತ್ತದೆ ಎಂದು ಪಕ್ಕದವರು ತಕರಾರು ತೆಗೆದರು.

ಮೊನ್ನೆ ಅವರ ಟೆರೇಸಿಗೆ ಹೋಗಿದ್ದೆ. ಹೊಸದಾಗಿ ಹನ್ನೆರಡು ಕಡೆ ಕಂಬಿ ಮೇಲೆದ್ದಿದ್ದವು, ತುಕ್ಕು ಹಿಡಿಯದಂತೆ ಒಂದೊಂದರ ತುದಿಗೂ ಖಾಲಿ ನೀರಿನ ಬಾಟಲಿ ಕವುಚಿದ್ದರು. ಇದೇನು ಸರ್ ಎಂದೆ.

“ಟ್ಯಾಂಕ್ ಸ್ಟ್ಯಾಂಡಿಗೆ.”

“ಹನ್ನೆರಡು ಪಿಲ್ಲರಾ?”

“ನೀರು ಭಾರ ನೋಡಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಅನುಭವದ ಮೇಲೆ ನಂಬಿಕೆ ಇಟ್ಟು ಕೇಳಿದರು: “ಟ್ಯಾಂಕಿಗೆ ಒಂದು ಅಟ್ಯಾಚ್ಡ್ ಬಾತ್‌ರೂಮ್ ಇಡಬಹುದಾ?”

ಇಡಬಹುದು ಎಂದೆ. ಪ್ಲಾನ್‌ನಲ್ಲಿ ಯುಟಿಲಿಟಿ ಎಂದು ಬರೆಸಲು ಹೇಳಿದೆ.